ಸಂಕಟಕಾಲದಲ್ಲಿ ಪಂಚಾಯತಿ ನೌಕರರ ಮಾನಸಿಕ ಆರೋಗ್ಯ: ಉದ್ಯೋಗದಾತರಾಗಿ ಸದಸ್ಯರ ಹೊಣೆ

ಗ್ರಾಮ ಪಂಚಾಯತಿಯ ಚುನಾಯಿತ ಸದಸ್ಯರು ತಮ್ಮನ್ನು ಜನಪ್ರತಿನಿಧಿಗಳೆಂದು ಭಾವಿಸುವುದು ಸಹಜ. ಆದರೆ ಅದೇ ಸದಸ್ಯರು ಸಾಮಾನ್ಯ ಸಭೆಯಲ್ಲಿ ಒಟ್ಟಾಗಿ ಕುಳಿತಾಗ ಉದ್ಯೋಗದಾತರೂ ಆಗಿರುತ್ತಾರೆ ಎಂಬ ಅಂಶ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಕರ ವಸೂಲಿಗಾರ, ಡಾಟಾ ಎಂಟ್ರಿ ಆಪರೇಟರ್, ನೀರುಗಂಟಿ, ಸ್ವಚ್ಛತಾಗಾರ, ಜವಾನ ಇವರೆಲ್ಲರ ವೇತನ, ರಜೆ, ಶಿಸ್ತುಕ್ರಮಗಳು ಒಂದಲ್ಲ ಒಂದು ಹಂತದಲ್ಲಿ ಪಂಚಾಯತಿಯ ನಡಾವಳಿಯನ್ನು ಹಾದೇ ಹೋಗುತ್ತವೆ. ಹೀಗಿರುವಾಗ ನೌಕರರ ಮನಸ್ಸಿನ ಸ್ಥಿತಿಯೂ ಆಡಳಿತದ ವಿಷಯವೇ ಆಗುತ್ತದೆ. ಅದು ಅವರವರ ಮನೆಯ ಸಂಗತಿಯೆಂದು ಬದಿಗಿಡುವಂತಿಲ್ಲ. ಕೋವಿಡ್ ಕಾಲದ ಅನುಭವವನ್ನು ಮುಂದಿಟ್ಟುಕೊಂಡು, ಮುಂದಿನ ಯಾವುದೇ ದೊಡ್ಡ ಸಂಕಟದಲ್ಲಿ ಈ ಹೊಣೆಯನ್ನು ನಿರ್ವಹಿಸುವ ಬಗೆಯನ್ನು ವಿವರಿಸುವುದು ಈ ಪಾಠದ ಉದ್ದೇಶ.

ಕೋವಿಡ್ ಕಾಲದಲ್ಲಿ ಪಂಚಾಯತಿಯ ಮೇಲೆ ಬಿದ್ದ ಭಾರ

ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಚ್ 11ರಂದು ಕೋವಿಡ್-19 ಅನ್ನು ಜಾಗತಿಕ ಸಾಂಕ್ರಾಮಿಕವೆಂದು ಕರೆಯಿತು. ಅದರ ಹಿಂದಿನ ದಿನ ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡಿದ್ದರು. ಕೋವಿಡ್‌ನಿಂದ ದೇಶದಲ್ಲಿ ಸಂಭವಿಸಿದ ಮೊದಲ ಸಾವು ಅದೆಂದು ಬಳಿಕ ದೃಢಪಟ್ಟಿತು. ಮಾರ್ಚ್ 25ರಿಂದ ದೇಶವೇ ಸ್ತಬ್ಧವಾಯಿತು. ಆದರೆ ಕುಡಿಯುವ ನೀರಿನ ಮೋಟಾರು ನಿಲ್ಲುವಂತಿರಲಿಲ್ಲ, ಚರಂಡಿ ಸ್ವಚ್ಛವಾಗದೆ ಇರುವಂತಿರಲಿಲ್ಲ. ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ ನೀರುಗಂಟಿಯೂ ಸ್ವಚ್ಛತಾಗಾರರೂ ಬೀದಿಯಲ್ಲಿದ್ದರು. ಗ್ರಾಮ ಪಂಚಾಯತಿ ಮಟ್ಟದಲ್ಲಿ ಕಾರ್ಯಪಡೆಗಳು ರಚನೆಯಾದವು. ನಗರಗಳಿಂದ ಮರಳಿದವರ ಪಟ್ಟಿ ಮಾಡುವುದು, ಅವರನ್ನು ಪ್ರತ್ಯೇಕವಾಗಿರಿಸುವ ವ್ಯವಸ್ಥೆಯನ್ನು ನೋಡಿಕೊಳ್ಳುವುದು, ಬೀದಿಗಳಿಗೆ ಸೋಂಕುನಿವಾರಕ ಸಿಂಪಡಿಸುವುದು ಪಂಚಾಯತಿ ಸಿಬ್ಬಂದಿಯ ದೈನಂದಿನ ಕೆಲಸವಾಯಿತು. ಊರಿಗೆ ಮರಳಿದವರಿಗೆ ಕೂಲಿ ಬೇಕಿತ್ತು. ಕೇಂದ್ರ ಸರ್ಕಾರ 2020ರ ಮೇ ತಿಂಗಳಲ್ಲಿ ಉದ್ಯೋಗ ಖಾತರಿ ಯೋಜನೆಗೆ ಹೆಚ್ಚುವರಿಯಾಗಿ 40,000 ಕೋಟಿ ರೂಪಾಯಿ ಘೋಷಿಸಿತು. ಹಣ ಬಂದಲ್ಲಿ ಜಾಬ್ ಕಾರ್ಡು, ಎನ್‌ಎಂಆರ್, ಅಳತೆ ಪುಸ್ತಕಗಳೂ ಬರುತ್ತವೆ. ಅವನ್ನು ನಿಭಾಯಿಸುವ ಕೈಗಳು ಮಾತ್ರ ಮೊದಲಿದ್ದಷ್ಟೇ ಇದ್ದವು.

ಇನ್ನೊಂದು ಸಂಗತಿಯನ್ನು ಸದಸ್ಯರು ನೆನಪಿಡುವುದು ಒಳ್ಳೆಯದು. 2020ರ ಮಧ್ಯಭಾಗದಲ್ಲಿ ಹಿಂದಿನ ಪಂಚಾಯತಿಗಳ ಅವಧಿ ಮುಗಿದು, ರಾಜ್ಯದ ಬಹುಪಾಲು ಪಂಚಾಯತಿಗಳು ಆಡಳಿತಾಧಿಕಾರಿಗಳ ಕೈಯಲ್ಲಿದ್ದವು. ಡಿಸೆಂಬರ್ 22 ಮತ್ತು 27ರಂದು ಎರಡು ಹಂತಗಳಲ್ಲಿ ಚುನಾವಣೆ ನಡೆಯಿತು. ಹೊಸ ಸದಸ್ಯರು ನಿಯಮಾವಳಿಯನ್ನು ಅರಿತುಕೊಳ್ಳುವ ಮೊದಲೇ ಎರಡನೆಯ ಅಲೆ ಅಪ್ಪಳಿಸಿತು. 2021ರ ಮೇ ಮೊದಲ ವಾರದಲ್ಲಿ ರಾಜ್ಯದಲ್ಲಿ ಒಂದೇ ದಿನ 50 ಸಾವಿರಕ್ಕೂ ಹೆಚ್ಚು ಪ್ರಕರಣಗಳು ವರದಿಯಾದವು. ಮೊದಲ ಅಲೆಯಲ್ಲಿ ಪೇಟೆಯ ಕಾಯಿಲೆ ಎನಿಸಿದ್ದುದು ಈ ಬಾರಿ ಹಳ್ಳಿಯ ಪ್ರತಿ ಕೇರಿಯನ್ನೂ ಹೊಕ್ಕಿತು. ನೌಕರರ ಪಾಲಿಗೆ ಅದು ದಣಿವಿನ ಎರಡನೆಯ ವರ್ಷ; ಅವರನ್ನು ನಡೆಸಬೇಕಾದವರ ಪಾಲಿಗೆ ಮೊದಲ ವರ್ಷ.

ಭಾರ ಕೇವಲ ಕೆಲಸದ್ದಾಗಿರಲಿಲ್ಲ. ಸೋಂಕನ್ನು ಮನೆಗೆ ಹೊತ್ತು ತರುವ ಭಯ ಒಂದು ಕಡೆ. ಸೋಂಕಿತರ ಮನೆಗೆ ಹೋಗಿಬಂದವರನ್ನು ಊರೇ ದೂರವಿಡುವ ನೋವು ಇನ್ನೊಂದು ಕಡೆ. ಆಶಾ ಕಾರ್ಯಕರ್ತೆಯರು ಪಂಚಾಯತಿಯ ನೌಕರರಲ್ಲದಿದ್ದರೂ ಕಾರ್ಯಪಡೆಯ ಕೈಕಾಲುಗಳಾಗಿದ್ದರು. ಮನೆ ಮನೆ ಸಮೀಕ್ಷೆಗೆ ಹೋದವರ ಮೇಲೆ ಹಲ್ಲೆಗಳಾದವು. ಆರೋಗ್ಯ ಕಾರ್ಯಕರ್ತರ ರಕ್ಷಣೆಗೆಂದು 2020ರ ಏಪ್ರಿಲ್ 22ರಂದು ಕೇಂದ್ರ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ತರಬೇಕಾಯಿತು. ಅದೇ ವರ್ಷದ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಡೀ ದೇಶದ ಆಶಾ ಸಮೂಹವನ್ನು ಪ್ರಶಸ್ತಿ ನೀಡಿ ಗೌರವಿಸಿತು. ಹೂಮಾಲೆ, ಚಪ್ಪಾಳೆಗಳು ಬೇಡವೆಂದಲ್ಲ. ಆದರೆ ತಡವಾಗಿ ಬರುವ ಸಂಬಳದ ಆತಂಕವನ್ನು ಯಾವ ಶಾಲೂ ಮುಚ್ಚಲಾರದು.

ಅಧ್ಯಯನಗಳು ತೋರುವುದೇನು

ಕೋವಿಡ್‌ನ ಮೊದಲ ವರ್ಷದಲ್ಲಿ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆಯ ಪ್ರಮಾಣ ಶೇ 25ರಷ್ಟು ಏರಿತೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ತಿಳಿಸಿತು. ಈ ಅಂಕಿ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಉಪಾಯವನ್ನಲ್ಲ. ಉಪಾಯದ ಸುಳಿವು ಅದಕ್ಕಿಂತ ಹಳೆಯ ಒಂದು ಅಧ್ಯಯನದಲ್ಲಿದೆ. 2003ರಲ್ಲಿ ಕೆನಡಾ ದೇಶದ ಟೊರೊಂಟೊ ನಗರದಲ್ಲಿ ಸಾರ್ಸ್ ಎಂಬ ಸೋಂಕು ಹರಡಿತ್ತು. ಅದು ಅಡಗಿ ಒಂದೆರಡು ವರ್ಷಗಳಾದ ಮೇಲೆ, ಸಾರ್ಸ್ ರೋಗಿಗಳನ್ನು ನೋಡಿಕೊಂಡ ಆಸ್ಪತ್ರೆಗಳ ಸಿಬ್ಬಂದಿಯನ್ನೂ, ಆ ರೋಗ ಕಾಲಿಡದ ಹ್ಯಾಮಿಲ್ಟನ್ ನಗರದ ಆಸ್ಪತ್ರೆಗಳ ಸಿಬ್ಬಂದಿಯನ್ನೂ ಸಂಶೋಧಕರು ಹೋಲಿಸಿ ನೋಡಿದರು. ರೋಗ ಹೋಗಿ ಅಷ್ಟು ಕಾಲವಾದರೂ ಟೊರೊಂಟೊ ಸಿಬ್ಬಂದಿಯಲ್ಲಿ ಬಳಲಿಕೆ ಮತ್ತು ಮಾನಸಿಕ ಯಾತನೆ ಹೆಚ್ಚಾಗಿತ್ತು. ಆದರೆ ತಮಗೆ ಸಾಕಷ್ಟು ತರಬೇತಿ, ರಕ್ಷಣೆ ಮತ್ತು ಬೆಂಬಲ ಸಿಕ್ಕಿತೆಂದು ಭಾವಿಸಿದವರಲ್ಲಿ ಯಾತನೆ ಕಡಿಮೆ ಇತ್ತು.

ಈ ಫಲಿತಾಂಶದಲ್ಲಿ ಗಮನಿಸಬೇಕಾದ ಎರಡು ಮಾತುಗಳಿವೆ. ಒಂದು, ಸಂಕಟ ಮುಗಿದ ದಿನವೇ ಮನಸ್ಸಿನ ದಣಿವು ಮುಗಿಯುವುದಿಲ್ಲ. ಎರಡು, ರಕ್ಷಿಸಿದ್ದು ಧೈರ್ಯದ ಭಾಷಣಗಳಲ್ಲ. ತರಬೇತಿ, ಕೈಗವಸು, ಜೊತೆಗೆ ನಿಲ್ಲುವ ಮೇಲಧಿಕಾರಿ. ಇವುಗಳಲ್ಲಿ ಯಾವುದೂ ಗ್ರಾಮ ಪಂಚಾಯತಿಯ ಅಳವಿಗೆ ಮೀರಿದ್ದಲ್ಲ.

ಕೆಲಸ ಹೆಚ್ಚಾದರೆ ಮನಸ್ಸು ಕುಗ್ಗುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಅಮೆರಿಕದ ಸಂಶೋಧಕ ರಾಬರ್ಟ್ ಕಾರಾಸೆಕ್ 1979ರಲ್ಲಿ ಈ ತಿಳಿವಳಿಕೆಯನ್ನು ತಿದ್ದಿದರು. ಒತ್ತಡ ಹೆಚ್ಚಿರುವ ಕೆಲಸಕ್ಕಿಂತಲೂ ಒತ್ತಡ ಹೆಚ್ಚಿದ್ದು ತೀರ್ಮಾನದ ಅಧಿಕಾರ ಕಡಿಮೆಯಿರುವ ಕೆಲಸ ಮನುಷ್ಯನನ್ನು ಹೆಚ್ಚು ಹಿಂಡುತ್ತದೆ ಎಂಬುದು ಅವರ ವಾದ. ಪಂಚಾಯತಿ ಕಚೇರಿಯ ಡಾಟಾ ಎಂಟ್ರಿ ಆಪರೇಟರ್‌ನ ಮೇಜನ್ನು ಕಣ್ಣ ಮುಂದೆ ತಂದುಕೊಂಡರೆ ಈ ವಾದ ಥಟ್ಟನೆ ಅರ್ಥವಾಗುತ್ತದೆ. ಒಂದೇ ಮಾಹಿತಿಯನ್ನು ಬೆಳಿಗ್ಗೆ ಒಂದು ನಮೂನೆಯಲ್ಲಿ, ಮಧ್ಯಾಹ್ನ ಇನ್ನೊಂದು ನಮೂನೆಯಲ್ಲಿ, ಸಂಜೆ ಮೂರನೆಯ ಇಲಾಖೆಗೆ ಮತ್ತೊಂದು ನಮೂನೆಯಲ್ಲಿ ಕಳುಹಿಸಬೇಕು; ಪ್ರತಿಯೊಂದರ ಮೇಲೂ ‘ತುರ್ತು’ ಎಂದು ಬರೆದಿರುತ್ತದೆ. ಯಾವುದು ಮೊದಲು ಎಂದು ನಿರ್ಧರಿಸುವ ಅಧಿಕಾರ ಆ ಮೇಜಿನಲ್ಲಿ ಕುಳಿತವರಿಗಿಲ್ಲ, ತಡವಾದರೆ ಬೈಗುಳ ಮಾತ್ರ ಅಲ್ಲಿಗೇ ಬರುತ್ತದೆ. ಇದು ತಾಲ್ಲೂಕು ಮತ್ತು ಜಿಲ್ಲಾ ಹಂತದ ಕಚೇರಿಗಳೂ ಓದಿಕೊಳ್ಳಬೇಕಾದ ಮಾತು.

ಆದ್ದರಿಂದ ಸಂಕಟಕಾಲದಲ್ಲಿ ಅಧ್ಯಕ್ಷರು ಮತ್ತು ಪಂಚಾಯತಿ ಅಭಿವೃದ್ಧಿ ಅಧಿಕಾರಿ ಸೇರಿ ಮಾಡಬೇಕಾದ ಮೊದಲ ಕೆಲಸ ಆದೇಶಗಳಿಗೆ ಒಂದೇ ಬಾಗಿಲು ಇಡುವುದು. ನೀರುಗಂಟಿಗೆ ಹನ್ನೆರಡು ಸದಸ್ಯರು ಹನ್ನೆರಡು ಫೋನು ಮಾಡುವುದು ನಿಲ್ಲಬೇಕು. ಆ ದಿನದ ಕೆಲಸವನ್ನು ಬೆಳಿಗ್ಗೆ ಒಬ್ಬರು ಹೇಳಬೇಕು, ಯಾವುದನ್ನು ನಾಳೆಗೆ ಬಿಡಬಹುದು ಎಂಬುದನ್ನೂ ಅವರೇ ಹೇಳಬೇಕು. ‘ಇದನ್ನು ಇವತ್ತು ಮಾಡದಿದ್ದರೂ ನಡೆಯುತ್ತದೆ’ ಎಂಬ ಒಂದು ಮಾತು ನೌಕರನ ತಲೆಯಿಂದ ಇಳಿಸುವ ಹೊರೆಯನ್ನು ಹತ್ತು ಮೆಚ್ಚುಗೆ ಪತ್ರಗಳು ಇಳಿಸಲಾರವು.

ಒಬ್ಬರಿಗೇ ಗೊತ್ತಿರುವ ವಾಲ್ವು

ರಜೆಯ ಪ್ರಶ್ನೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕಾಗಿದೆ. ಮನಸ್ಸಿಗೆ ವಿಶ್ರಾಂತಿ ಬೇಕು, ಸರದಿಯಲ್ಲಿ ರಜೆ ಕೊಡಿ ಎಂದು ಎಲ್ಲ ಮಾರ್ಗಸೂಚಿಗಳೂ ಹೇಳುತ್ತವೆ. ನೂರಾರು ನೌಕರರಿರುವ ಕಂಪನಿಗೆ ಇದು ಸುಲಭ. ಒಂದು ಹಳ್ಳಿಗೆ ಒಬ್ಬರೇ ನೀರುಗಂಟಿ ಇರುವಲ್ಲಿ ಸರದಿ ಯಾರ ಜೊತೆ?

ಒಂದು ಸಂದರ್ಭವನ್ನು ಊಹಿಸಬಹುದು. ಒಬ್ಬ ನೀರುಗಂಟಿ ಹದಿನೈದು ವರ್ಷಗಳಿಂದ ಊರಿನ ನೀರು ಬಿಡುತ್ತಿದ್ದಾರೆ. ಯಾವ ಬೀದಿಯ ವಾಲ್ವು ಯಾವ ಮನೆಯ ಜಗುಲಿಯ ಪಕ್ಕದಲ್ಲಿ ಮಣ್ಣಿನಡಿ ಇದೆ, ಯಾವುದನ್ನು ಎಷ್ಟು ಸುತ್ತು ತಿರುಗಿಸಿದರೆ ಮೇಲಿನ ಕೇರಿಗೆ ನೀರು ಏರುತ್ತದೆ, ಯಾವ ಸ್ಟಾರ್ಟರು ಮಳೆಗಾಲದಲ್ಲಿ ಕೈಕೊಡುತ್ತದೆ, ಎಲ್ಲವೂ ಅವರ ತಲೆಯಲ್ಲಿದೆ. ಕಚೇರಿಯ ಯಾವ ಕಡತದಲ್ಲಿಯೂ ಇಲ್ಲ. ತಾಯಿ ಸೋಂಕಿನಿಂದ ತೀರಿಕೊಂಡ ಮೂರನೆಯ ದಿನವೇ ಅವರನ್ನು ಮನೆಯಿಂದ ಕರೆತರಬೇಕಾಗುತ್ತದೆ. ಕರೆಯಲು ಹೋದವರು ನಿರ್ದಯಿಗಳಲ್ಲ. ಊರಿಗೆ ನೀರಿಲ್ಲ, ಅಷ್ಟೇ. ಅತ್ತ ನೀರುಗಂಟಿಗೆ ತನ್ನ ದುಃಖಕ್ಕೆ ಮೂರು ದಿನದ ಬೆಲೆಯೂ ಇಲ್ಲವೆಂಬ ಭಾವನೆ ಉಳಿದುಬಿಡುತ್ತದೆ.

ಇಲ್ಲಿ ಪಂಚಾಯತಿಯ ಉತ್ತರ ಸಾಂತ್ವನದ ಮಾತಿನಲ್ಲಿ ಇಲ್ಲ, ಒಂದು ನಕ್ಷೆಯಲ್ಲಿದೆ. ಪ್ರತಿ ಹಳ್ಳಿಯ ಕೊಳವೆ ಮಾರ್ಗ, ವಾಲ್ವುಗಳ ಸ್ಥಳ, ತೆರೆಯುವ ಕ್ರಮ ಮತ್ತು ಸಮಯ, ಮೋಟಾರು ರಿಪೇರಿಯವರ ದೂರವಾಣಿ ಸಂಖ್ಯೆ ಇಷ್ಟನ್ನು ಒಂದು ದೊಡ್ಡ ಹಾಳೆಯಲ್ಲಿ ಬರೆಸಿ ಕಚೇರಿಯಲ್ಲಿ ಒಂದು, ಪಂಪ್‌ಹೌಸಿನಲ್ಲಿ ಒಂದು ಪ್ರತಿ ಇರಿಸಬೇಕು. ಹಳ್ಳಿಗೊಬ್ಬ ಎರಡನೆಯ ವ್ಯಕ್ತಿಯನ್ನು ಗುರುತಿಸಿ, ತಿಂಗಳಿಗೆ ಎರಡು ದಿನವಾದರೂ ಅವರಿಂದಲೇ ನೀರು ಬಿಡಿಸಬೇಕು. ಆ ಎರಡು ದಿನ ನೀರುಗಂಟಿಗೆ ನಿಜವಾದ ರಜೆ. ಫೋನು ಮಾಡಿ ಕೇಳುವ ರಜೆ ಅಲ್ಲ. ಕಂಪ್ಯೂಟರ್ ಕೆಲಸಕ್ಕೂ ಇದೇ ಮಾತು ಅನ್ವಯಿಸುತ್ತದೆ: ಪಂಚತಂತ್ರ ತಂತ್ರಾಂಶವನ್ನು ಆಪರೇಟರ್ ಒಬ್ಬರೇ ಬಲ್ಲವರಾದರೆ ಅವರ ಜ್ವರ ಇಡೀ ಕಚೇರಿಯ ಜ್ವರವಾಗುತ್ತದೆ, ಕರ ವಸೂಲಿಗಾರರಾದರೂ ಅದರ ಮೂಲ ಕೆಲಸಗಳನ್ನು ಕಲಿತಿರಬೇಕು. ಇಂತಹ ನಕ್ಷೆಯನ್ನು ಯಾರೂ ಮಾನಸಿಕ ಆರೋಗ್ಯದ ಕ್ರಮವೆಂದು ಕರೆಯುವುದಿಲ್ಲ. ಆದರೂ ಸಣ್ಣ ಕಚೇರಿಯಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಡುವ ಕ್ರಮ ಇನ್ನೊಂದಿಲ್ಲ.

ಮೋಟಾರಿನ ಸ್ಟಾರ್ಟರಿನಲ್ಲಿ ಓವರ್‌ಲೋಡ್ ರಿಲೇ ಇರುವುದು ಸದಸ್ಯರೆಲ್ಲರಿಗೂ ಗೊತ್ತು. ಹೊರೆ ಮಿತಿ ಮೀರಿದಾಗ ಅದು ಟ್ರಿಪ್ ಆಗಿ ಮೋಟಾರನ್ನು ನಿಲ್ಲಿಸುತ್ತದೆ. ಪದೇ ಪದೇ ನಿಲ್ಲುತ್ತದೆಂದು ಕಿರಿಕಿರಿಗೊಂಡು ಯಾರಾದರೂ ರಿಲೇಯನ್ನೇ ತಪ್ಪಿಸಿ ನೇರ ಸಂಪರ್ಕ ಕೊಟ್ಟರೆ ಎರಡು ದಿನ ನೀರು ಬರುತ್ತದೆ, ಮೂರನೆಯ ದಿನ ಕಾಯಿಲ್ ಸುಡುತ್ತದೆ. ನೌಕರನ ರಜೆ ಅರ್ಜಿಯನ್ನು ತಿರಸ್ಕರಿಸುವ ಮೊದಲು ಈ ಸ್ಟಾರ್ಟರನ್ನು ನೆನೆಯಬಹುದು.

ಗುರುತಿಸುವುದು, ಕೇಳುವುದು, ದಾರಿ ತೋರುವುದು

ಸದಸ್ಯರು ವೈದ್ಯರಾಗಬೇಕಾಗಿಲ್ಲ. ಕೆಲಸದ ಸ್ಥಳದಲ್ಲಿ ಮಾನಸಿಕ ಆರೋಗ್ಯ ಕುರಿತು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ ಮೇಲ್ವಿಚಾರಕರಿಗೆ ತರಬೇತಿ ಕೊಡಬೇಕೆಂದು ಹೇಳುವುದು ಯಾತನೆಯನ್ನು ಗುರುತಿಸಿ ಸ್ಪಂದಿಸಲಿ ಎಂಬ ಕಾರಣಕ್ಕೆ, ಚಿಕಿತ್ಸೆ ಮಾಡಲಿ ಎಂದಲ್ಲ. ಅದೇ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಮೂರು ಕೆಲಸಗಳನ್ನು ಹೇಳುತ್ತದೆ: ಗಮನಿಸುವುದು, ಆಲಿಸುವುದು, ನೆರವಿನೊಂದಿಗೆ ಜೋಡಿಸುವುದು. ಸಾಮಾನ್ಯ ಜನ ಇದನ್ನು ಮಾಡಬಲ್ಲರು ಎಂಬುದಕ್ಕೆ ಕರ್ನಾಟಕದಲ್ಲಿಯೇ ಆಧಾರವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1970ರ ದಶಕದಲ್ಲಿ ನಗರದ ಹೊರವಲಯದ ಸಕಲವಾರದಲ್ಲಿಯೂ, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೂ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಹಳ್ಳಿಗರ ಮಾನಸಿಕ ತೊಂದರೆಗಳನ್ನು ಗುರುತಿಸಿ ಚಿಕಿತ್ಸೆ ಕೊಡಬಹುದೆಂದು ತೋರಿಸಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯ ಪ್ರಯೋಗವೇ ಮಾದರಿ.

ಹಳ್ಳಿಯ ನೌಕರ ‘ನನಗೆ ಖಿನ್ನತೆ’ ಎಂದು ಹೇಳುವುದಿಲ್ಲ. ತಲೆನೋವು, ಎದೆಬಿಗಿತ, ಗ್ಯಾಸ್ಟ್ರಿಕ್, ಕೈಕಾಲು ಸೆಳೆತ ಎನ್ನುತ್ತಾರೆ. ನಿದ್ದೆ ಕೆಟ್ಟಿರುತ್ತದೆ. ಸದಾ ಹೊತ್ತಿಗೆ ಬರುತ್ತಿದ್ದವರು ತಡವಾಗಿ ಬರುತ್ತಾರೆ, ಸಮಾಧಾನಿಯೆಂದು ಹೆಸರಾಗಿದ್ದ ಕರ ವಸೂಲಿಗಾರರು ಗ್ರಾಮಸ್ಥರ ಮೇಲೆ ರೇಗುತ್ತಾರೆ, ಲೆಕ್ಕದಲ್ಲಿ ಎಂದೂ ಇರದ ತಪ್ಪುಗಳು ಕಾಣಿಸಿಕೊಳ್ಳುತ್ತವೆ, ಕುಡಿತ ಹೆಚ್ಚುತ್ತದೆ. ಇಂತಹ ಬದಲಾವಣೆ ಎರಡು ವಾರ ಮೀರಿ ಮುಂದುವರಿದರೆ ನೋಟಿಸಿಗೆ ಮೊದಲು ಮಾತುಕತೆ ನಡೆಯಬೇಕು. ಕಾರಣವಿಲ್ಲದ ಕರ್ತವ್ಯಲೋಪಕ್ಕೆ ನಿಯಮಗಳು ಇದ್ದೇ ಇವೆ. ಅವು ಎಲ್ಲಿಗೂ ಓಡಿಹೋಗುವುದಿಲ್ಲ.

ಮಾತುಕತೆ ಎಲ್ಲಿ ಹೇಗೆ ಎಂಬುದೂ ಮುಖ್ಯ. ಸಭೆಯ ನಡುವೆ ನಿಲ್ಲಿಸಿ ‘ಏನ್ರೀ ನಿಮ್ಮ ಕಥೆ?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಪಂಪ್‌ಹೌಸಿನ ಕಟ್ಟೆಯ ಮೇಲೆ ಪಕ್ಕದಲ್ಲಿ ಕುಳಿತು, ಹಿರಿಯ ಸದಸ್ಯರೊಬ್ಬರು ‘ಯಾಕಪ್ಪಾ, ಎಂಟು ದಿನದಿಂದ ಮುಖ ಸಪ್ಪಗಿದೆ, ರಾತ್ರಿ ನಿದ್ದೆ ಬರ್ತಿದೆಯಾ?’ ಎಂದು ಕೇಳಿದರೆ ಬರಬಹುದು. ‘ಇಲ್ಲಣ್ಣಾ, ಏನೂ ಇಲ್ಲ’ ಎಂಬುದೇ ಮೊದಲ ಉತ್ತರವಾಗಿರುತ್ತದೆ. ಆಗ ಒತ್ತಾಯಿಸದೆ ಎರಡು ದಿನ ಬಿಟ್ಟು ಮತ್ತೆ ಬರಬೇಕು. ಸಾವು ಕಂಡವರನ್ನು ಕೂರಿಸಿಕೊಂಡು ‘ಎಲ್ಲವನ್ನೂ ಹೇಳಿ ಹಗುರಾಗು’ ಎಂದು ಬಲವಂತದಿಂದ ಬಾಯಿ ಬಿಡಿಸುವುದು ಹಿತಕರವಲ್ಲವೆಂದು ಆ ಕೈಪಿಡಿಯ ಕ್ರಮವೂ ಎಚ್ಚರಿಸುತ್ತದೆ. ‘ಧೈರ್ಯ ತಗೋ, ಎಲ್ಲರಿಗೂ ಇರೋದೇ’ ಎಂಬ ಮಾತು ಒಳ್ಳೆಯ ಮನಸ್ಸಿನಿಂದ ಬಂದರೂ ಕೇಳುವವರಿಗೆ ‘ಇನ್ನು ಸಾಕು ಮಾಡು’ ಎಂದೇ ಕೇಳಿಸುತ್ತದೆ. ಮಹಿಳಾ ನೌಕರರೊಂದಿಗೆ ಮಾತನಾಡಲು ಮಹಿಳಾ ಸದಸ್ಯರು ಮುಂದಾಗುವುದು ಸೂಕ್ತ. ಅವರ ಪಾಲಿಗೆ ಕಚೇರಿಯ ಸರದಿ ಮುಗಿದ ಮೇಲೆ ಮನೆಯ ಸರದಿ ಶುರುವಾಗುತ್ತದೆ. ಶಾಲೆ ಮುಚ್ಚಿದ ಆ ದಿನಗಳಲ್ಲಿ ಅದು ಇಮ್ಮಡಿಯಾಗಿತ್ತು.

ತಿಳಿದ ವಿಷಯ ತಿಳಿದವರಲ್ಲಿಯೇ ಉಳಿಯಬೇಕು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಚಿಕಿತ್ಸೆ ಪಡೆಯುವವರ ಮಾಹಿತಿಯ ಗೋಪ್ಯತೆಯನ್ನು ಹಕ್ಕೆಂದು ಮಾನ್ಯ ಮಾಡಿದೆ. ನೌಕರರ ರಜೆಯನ್ನು ನಡಾವಳಿಯಲ್ಲಿ ‘ಅನಾರೋಗ್ಯದ ನಿಮಿತ್ತ’ ಎಂದಷ್ಟೇ ದಾಖಲಿಸಿದರೆ ಸಾಕು. ಪಂಚಾಯತಿಯ ವಾಟ್ಸಾಪ್ ಗುಂಪಿನಲ್ಲಿ ‘ಅವರಿಗೆ ತಲೆ ಸರಿಯಿಲ್ಲವಂತೆ’ ಎಂಬ ಒಂದು ಸಾಲು ಬಿದ್ದರೆ, ಆ ನೌಕರರು ಮಾತ್ರವಲ್ಲ, ಉಳಿದ ಯಾವ ನೌಕರರೂ ಮತ್ತೆಂದೂ ಬಾಯಿ ಬಿಡಲಾರರು.

ಸಾಯುವ ಮಾತನ್ನಾಡುವವರು ಸಾಯುವುದಿಲ್ಲ ಎಂಬುದು ಹಳ್ಳಿಗಳಲ್ಲಿ ಬೇರೂರಿದ ತಪ್ಪು ನಂಬಿಕೆ. ‘ನಾನಿದ್ದು ಏನು ಪ್ರಯೋಜನ’, ‘ಇನ್ನು ಸಾಕಾಗಿದೆ’ ಎಂಬ ಮಾತು ಕೇಳಿಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೃದುವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಬದಲಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಅವರನ್ನು ಒಂಟಿಯಾಗಿ ಬಿಡದೆ, ಕೀಟನಾಶಕದಂತಹ ವಸ್ತುಗಳನ್ನು ಕೈಗೆ ಸಿಗದಂತೆ ಇರಿಸಲು ಮನೆಯವರಿಗೆ ತಿಳಿಸಿ, ಕೂಡಲೇ ವೈದ್ಯರ ಬಳಿ ಕರೆದೊಯ್ಯಬೇಕು. ಪೊಲೀಸ್ ಪ್ರಕರಣದ ಭಯದಿಂದ ಯಾರೂ ಹಿಂಜರಿಯಬೇಕಾಗಿಲ್ಲ: ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಅವರಿಗೆ ಆರೈಕೆ ದೊರೆಯಬೇಕು ಎಂಬುದು 2017ರ ಕಾಯ್ದೆಯ ನಿಲುವು.

ನೆರವಿನ ಸ್ಥಳಗಳು ದೂರವಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಹಗಲೂ ರಾತ್ರಿಯೂ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು ಮೊದಲ ಮೆಟ್ಟಿಲು. ಜಿಲ್ಲಾ ಮಾನಸಿಕ ಆರೋಗ್ಯ ತಂಡ ಮತ್ತು ಮಂಗಳವಾರಗಳಂದು ನಡೆಯುವ ಮನೋಚೈತನ್ಯ ಚಿಕಿತ್ಸಾಲಯದ ವೇಳಾಪಟ್ಟಿಯನ್ನು ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯಿಂದ ಪಡೆದು ಕಚೇರಿಯ ಫಲಕದಲ್ಲಿ ಹಾಕಿಸಬೇಕು. ಮೊದಲ ಸಲ ಆಸ್ಪತ್ರೆಗೆ ಹೋಗುವ ನೌಕರರೊಂದಿಗೆ ಒಬ್ಬರು ಜೊತೆಗೆ ಹೋದರೆ ಎರಡನೆಯ ಸಲ ಅವರಾಗಿಯೇ ಹೋಗುತ್ತಾರೆ.

ಇವೆಲ್ಲಕ್ಕೂ ಹಣವೆಲ್ಲಿ ಎಂಬ ಪ್ರಶ್ನೆ ಸಭೆಯಲ್ಲಿ ಏಳುವುದು ಖಚಿತ. ನಕ್ಷೆಗೆ, ಮಾತುಕತೆಗೆ, ಫಲಕಕ್ಕೆ ಹಣ ಬೇಕಿಲ್ಲ. ಗಂಬೂಟು, ಕೈಗವಸು, ಮುಖಗವಸು, ಸಾಬೂನುಗಳಿಗೆ ಬೇಕು. ಅದು ಸ್ವಂತ ಸಂಪನ್ಮೂಲದ ಬಜೆಟ್ಟಿನಲ್ಲಿ ಮೊದಲೇ ಇರಬೇಕು, ರೋಗ ಬಂದ ಮೇಲೆ ಕೊಟೇಷನ್ ಕರೆಯುವಂತಾಗಬಾರದು. ಎಲ್ಲಕ್ಕಿಂತ ಮುಂಚೆ ವೇತನ. ತಿಂಗಳುಗಟ್ಟಲೆ ಸಂಬಳ ಬಾಕಿಯಿರುವ ಪಂಚಾಯತಿಯಲ್ಲಿ ಮಾನಸಿಕ ಆರೋಗ್ಯದ ಶಿಬಿರ ನಡೆಸುವುದು ಹಸಿದವರಿಗೆ ಊಟದ ಬಗ್ಗೆ ಉಪನ್ಯಾಸ ಕೊಟ್ಟಂತೆ.

ಕೋವಿಡ್ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಘೋಷಿಸಿತು. ಅಂದಿನ ನೀರುಗಂಟಿಗಳು, ಸ್ವಚ್ಛತಾಗಾರರು ಬಹುತೇಕ ಇಂದಿಗೂ ಅದೇ ಕೆಲಸದಲ್ಲಿದ್ದಾರೆ. ಆ ಎರಡು ವರ್ಷಗಳು ಹೇಗೆ ಕಳೆದವು ಎಂದು ಅವರನ್ನು ಯಾರಾದರೂ ಕೇಳಿದ್ದಾರೆಯೇ ಎಂಬುದನ್ನು ಪ್ರತಿ ಪಂಚಾಯತಿಯೂ ತನ್ನ ಮಟ್ಟದಲ್ಲಿ ಪರಿಶೀಲಿಸಬಹುದು. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸಲು ಅನುಕೂಲವಾಗುವಂತೆ ಒಂದು ಮಾದರಿ ಠರಾವನ್ನು ಕೆಳಗೆ ಕೊಟ್ಟಿದೆ. ಸ್ಥಳೀಯ ಸ್ಥಿತಿಗೆ ತಕ್ಕಂತೆ ಇದನ್ನು ಬದಲಿಸಿಕೊಳ್ಳಬಹುದು.

‘ಪಂಚಾಯತಿ ನೌಕರರ ಮಾನಸಿಕ ಸ್ವಾಸ್ಥ್ಯದ ವಿಷಯವನ್ನು ಸಭೆಯಲ್ಲಿ ಮಂಡಿಸಲಾಯಿತು. ಸಭೆಯು ಚರ್ಚಿಸಿ, ಪ್ರತಿ ಹಳ್ಳಿಯ ನೀರು ಸರಬರಾಜು ನಕ್ಷೆಯನ್ನು ಸಂಬಂಧಿಸಿದ ನೀರುಗಂಟಿಯವರ ನೆರವಿನಿಂದ 60 ದಿನಗಳೊಳಗೆ ಸಿದ್ಧಪಡಿಸಲು. ಪ್ರತಿ ಹುದ್ದೆಯ ಕೆಲಸವನ್ನು ಬಲ್ಲ ಎರಡನೆಯ ವ್ಯಕ್ತಿಯನ್ನು ಗುರುತಿಸಿ ತರಬೇತುಗೊಳಿಸಲು. ತುರ್ತು ಸಂದರ್ಭಗಳಲ್ಲಿ ಸಿಬ್ಬಂದಿಗೆ ಕೆಲಸ ಹಂಚುವ ಹೊಣೆಯನ್ನು ಅಧ್ಯಕ್ಷರೊಡನೆ ಸಮಾಲೋಚಿಸಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರೊಬ್ಬರೇ ನಿರ್ವಹಿಸಲು. ಸದಸ್ಯರು ಸಿಬ್ಬಂದಿಗೆ ನೇರವಾಗಿ ಕೆಲಸ ಹೇಳದಿರಲು. ಸುರಕ್ಷತಾ ಸಾಮಗ್ರಿಗೆ ಸ್ವಂತ ಸಂಪನ್ಮೂಲದಲ್ಲಿ ಅವಕಾಶ ಕಲ್ಪಿಸಲು. ಬಾಕಿ ವೇತನದ ವಿವರವನ್ನು ಪ್ರತಿ ಸಭೆಯಲ್ಲಿ ಮೊದಲ ವಿಷಯವಾಗಿ ಮಂಡಿಸಲು ತೀರ್ಮಾನಿಸಿತು.’